ಮಾಳದ ಮೇಲಿನ ಹೆರಿಗೆ ದವಾಖಾನೆ

ಉದಗಾಂವದಿಂದಾಚೆ ಹೊಳೆಯ ದಂಡೆಯಲ್ಲಿರುವ ನಮ್ಮೂರಿಗೆ ಮಲಕವ್ವ ಸರಪಂಚೆ. ಕುರಿ ಕಾಯುವ ಮನೆಯ ಸೊಸೆ. ಓದಿದ್ದು ಏಳನೆಯ ಇಯತ್ತೆ, ಆದರೆ ತಿಳಿಯದ್ದನ್ನು ಕೇಳಲು ನಾಚುವ ಹೆಂಗಸಲ್ಲ. ಮೀಟಿಂಗಿನಲ್ಲಿ ತಲೆಯಾಡಿಸಿ ಚಹಾ ಕುಡಿದು ಬರುವ ಸರಪಂಚರನ್ನು ನಾವು ಬೇಕಾದಷ್ಟು ಕಂಡಿದ್ದೇವೆ.

ಊರಿಗೆ ಹೆರಿಗೆ ದವಾಖಾನೆ ಮಂಜೂರಾಯಿತು. ಅಡತಿ ವ್ಯಾಪಾರಿ ಪಾರೀಸ ಅಣ್ಣಾ ಹೊಳೆಯ ಹತ್ತಿರದ ತಮ್ಮ ಜಾಗವನ್ನು ದಾನ ಕೊಡುತ್ತೇನೆಂದರು. 2019ರ ಮಹಾಪೂರ ಎಲ್ಲಿಯವರೆಗೆ ಬಂದಿತ್ತೆಂದು ಗುಡಿಯ ಗೋಡೆಗೆ ಕೆಂಪು ಗೆರೆ ಬಳಿದಿದ್ದೇವೆ. ಅದಕ್ಕಿಂತ ಮೊಳ ಎತ್ತರಕ್ಕೆ ಪಾಯ ಹಾಕಿದರೆ ಮುಗಿಯಿತು ಎಂದು ಊರೆಲ್ಲ ಒಪ್ಪಿತ್ತು. ಇಲ್ಲಿ ಮನೆ ಕಟ್ಟುವವರೆಲ್ಲ ಆ ಗೆರೆ ನೋಡಿಯೇ ಕಟ್ಟುವುದು. ಹೊಳೆಯೇ ಸಹಿ ಹಾಕಿ ಕೊಟ್ಟಂತೆ ನಂಬಿಕೆ.

ಅಷ್ಟರಲ್ಲಿ ಕೊಲ್ಲಾಪುರದ ಜಿಲ್ಲಾ ಕಚೇರಿಯಿಂದ ಸ್ನೇಹಲ ಎಂಬ ಅಧಿಕಾರಿ ಹವಾಮಾನ ವಿಜ್ಞಾನಿಗಳ ವರದಿ, ನಕಾಶೆ ಹಿಡಿದು ಬಂದರು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರು ಹಿಡಿಯುತ್ತದೆ, ಮಳೆ ಬಂದರೆ ಒಮ್ಮೆಲೇ ಸುರಿಯುತ್ತದೆ, ಮುಂದಿನ ನೆರೆ ಆ ಗೆರೆಯನ್ನೂ ದಾಟಬಹುದು ಎಂದರು. ಯಾವ ವರ್ಷ ಎಂದು ಮಲಕವ್ವ ಕೇಳಿದಳು. ಅದನ್ನು ಹೇಳಲು ಬರುವುದಿಲ್ಲ, ಸಾಧ್ಯತೆ ಹೆಚ್ಚುತ್ತಿದೆ ಎಂದಷ್ಟೇ ಗೊತ್ತು ಎಂದರು ಸ್ನೇಹಲ. ಆ ನೇರ ಉತ್ತರ ಮಲಕವ್ವನಿಗೆ ಹಿಡಿಸಿತು. ದವಾಖಾನೆ ಎತ್ತರದ ಮಾಳದ ಮೇಲಿನ ಗಾಯರಾನದಲ್ಲಿ ಆಗಲಿ ಎಂದಳು.

ಗಾಯರಾನ ಎಂದರೆ ಊರ ಹುಲ್ಲುಗಾವಲು. ಅಲ್ಲಿ ಹೆಚ್ಚಾಗಿ ಮೇಯುವುದು ಅವಳ ಅತ್ತೆ ಗಂಗುಬಾಯಿಯ ಕುರಿಗಳೇ. ಮನೆಯಲ್ಲಿ ಕುರುಕ್ಷೇತ್ರವೇ ನಡೆಯಿತು. ಹುಲ್ಲು ಹೋದರೆ ಕುರಿ ಮಾರಿ ಮಗಳ ಊರು ಸೇರುತ್ತೇನೆ ಎಂದರು ಅತ್ತೆ. ಮಲಕವ್ವ ಅತ್ತಳು, ಆದರೆ ಮಾತು ಬದಲಿಸಲಿಲ್ಲ.

ಗ್ರಾಮಸಭೆಯಲ್ಲಿ ಪಾರೀಸ ಅಣ್ಣಾ, ವರ್ಷವೇ ಗೊತ್ತಿಲ್ಲದ ನೆರೆಗೆ ಈಗಲೇ ಹೆದರುವುದೇಕೆ ಎಂದು ಕೇಳಿದರು. ಮಲಕವ್ವ ಎದ್ದು ನಿಂತಳು.

“ಹೆರಿಗಿ ದಿನಾ ಡಾಕ್ಟರಿಗೂ ಪಕ್ಕಾ ಗೊತ್ತಿರೂದಿಲ್ರಿ ಅಣ್ಣಾ. ಹಂಗಂತ ತಯಾರಿ ಮಾಡೂದು ಬಿಡತೀವೇನ್ರಿ?” ಆಮೇಲೆ ಅತ್ತೆಯ ಕಡೆ ನೋಡಿದಳು. “ನೀರ ಏರಿದ್ರ ಕುರಿ ತಾವ ಮಾಳ ಹತ್ತತಾವ್ರಿ ಅತ್ತಿ. ನಿನ್ನೆ ಹಡದಾಕಿ ಹೆಂಗ ಹತ್ತಬೇಕು?”

ಮಹಾಪೂರದಲ್ಲಿ ಹಸಿ ಬಾಣಂತಿಯಾಗಿದ್ದ ತಮ್ಮ ಮಗಳನ್ನು ಹೊರಸಿನ ಮೇಲೆ ಮಲಗಿಸಿ ನೀರು ದಾಟಿಸಿದವರಲ್ಲಿ ಗಂಗುಬಾಯಿಯೂ ಒಬ್ಬರು. ಅವರು ಪಾರೀಸ ಅಣ್ಣಾನ ಕಡೆ ತಿರುಗಿದರು.

“ದಾನಾ ಅಂದ ಜಾಗಾ ಹಿಂದ ತೊಗೋಬ್ಯಾಡ್ರಿ ಅಣ್ಣಾ, ಕುರಿ ಮೇಯಾಕ ಬಿಡ್ರಿ. ನೀವು ಜೀವದಯಾ ಅಂತೀರಿ, ಕುರಿಗೂ ಜೀವ ಐತಿ.”

ಜೈನ ಮನೆತನದ ಅಣ್ಣಾ ಇದಕ್ಕೆ ಇಲ್ಲ ಎನ್ನುವುದಾದರೂ ಹೇಗೆ? ನಕ್ಕು ಹೂಂ ಅಂದರು. ಗಂಗುಬಾಯಿ ಮಾಳದ ಜಾಗಕ್ಕೆ ಎಲ್ಲರಿಗಿಂತ ಮೊದಲು ಕೈ ಎತ್ತಿ ಸೊಸೆಗೆ ಹೇಳಿದರು:

“ಕುರಿ ನಾ ನೋಡ್ಕೋತೇನಿ. ನೀ ಬಾಣಂತ್ಯಾರ್ನ ನೋಡ.”