ಓಡದೆ ಉಳಿದ ರನ್

"ಬ್ಯಾಡೋ, ವಾಪಸ್ ಹೋಗು! ಅಲ್ಲಿ ಸಂತೋಷ ಅದಾನ!"

ಔರಾದ್ ತಂಡದ ಬ್ಯಾಟರ್ ಹೀಗೆ ಕೂಗಿ, ಎರಡನೇ ರನ್ನಿಗೆ ಹೊರಟಿದ್ದ ಜೊತೆಗಾರನನ್ನು ತಡೆದಾಗ ನಾನು ಮೊಬೈಲಿನಿಂದ ತಲೆ ಎತ್ತಿದೆ. ಸಂತೋಷ ಅಂದರೆ ನಮ್ಮ ಮನೆಯವರು. ಭಾಲ್ಕಿ ತಂಡದವರು. ಬೌಂಡರಿ ಹತ್ತಿರ ಚೆಂಡು ಹಿಡಿದು, ಎಸೆಯಲು ಕೈ ಎತ್ತಿದ್ದರು, ಅಷ್ಟೇ.

ಬೀದರಿನ ಮೈಲೂರಿನಲ್ಲಿರುವ ನಾವು ಗೆಳತಿಯರು ಈ ಕ್ರಿಕೆಟ್ ಟೂರ್ನಿಯ ಫೈನಲ್ಲಿಗೂ ವಾಟ್ಸಾಪ್‌ನಲ್ಲಿ ಫ್ಯಾಂಟಸಿ ಆಟ ಕಟ್ಟಿದ್ದೆವು. ಎರಡೂ ತಂಡಗಳಿಂದ ನಮಗೆ ಬೇಕಾದ ಹನ್ನೊಂದು ಜನರನ್ನು ಆರಿಸಬೇಕು. ಅವರ ರನ್, ವಿಕೆಟ್, ಕ್ಯಾಚಿಗೆ ನಮಗೆ ಅಂಕ. ನಮ್ಮ ಮನೆಯವರು ಬ್ಯಾಟಿಂಗಿಗೆ ಬರುವುದು ಕೊನೆಗೆ, ಬೌಲಿಂಗ್ ಮಾಡುವುದೇ ಇಲ್ಲ. ಹಾಗಾಗಿ ಅವರನ್ನು ನಾನೇ ಕೈಬಿಟ್ಟಿದ್ದೆ.

ಎರಡನೇ ರನ್ ಓಡದ್ದರಿಂದ ಕೊನೆಯ ಚೆಂಡು ಆ ಜೊತೆಗಾರನ ಪಾಲಿಗೆ ಬಂತು. ಔರಾದಿಗೆ ಇನ್ನೂ ಎರಡು ರನ್ ಬೇಕಿತ್ತು. ಅವನು ಕಣ್ಣು ಮುಚ್ಚಿ ಬ್ಯಾಟ್ ಬೀಸಿ ಬೌಲ್ಡ್ ಆದ. ಭಾಲ್ಕಿ ಒಂದೇ ರನ್ನಿನಿಂದ ಗೆದ್ದಿತು. ನಮ್ಮ ಆಟದಲ್ಲಿ ಅಂಕವೆಲ್ಲ ಬೌಲರ್‌ಗೆ ಹೋಯಿತು.

ಬೈಕಿನಲ್ಲಿ ಬರುವಾಗ ಇವರು ಕೇಳಿದರು, "ನನಗ ನಿನ್ನ ಟೀಮಿನ್ಯಾಗ ತಗೊಂಡಿದ್ದೇನು?"

"ಇಲ್ರಿ. ನಿಮಗ ಪಾಯಿಂಟೇ ಬರಂಗಿಲ್ಲ."

ಇಬ್ಬರೂ ನಕ್ಕೆವು.

ಮುಂದಿನ ಟೂರ್ನಿಯಲ್ಲೂ ಇವರನ್ನು ಆರಿಸುವುದಿಲ್ಲ. ಎದುರಾಳಿ ಹೆದರಿ ಓಡದ ರನ್ನಿಗೆ ಆ ಆಟದಲ್ಲಿ ಲೆಕ್ಕವಿಲ್ಲ. ಆದರೆ ಮೊಬೈಲನ್ನು ಚೀಲದಲ್ಲಿಟ್ಟು, ಇವರು ನಿಲ್ಲುವ ಬೌಂಡರಿಯ ಹಿಂದೆಯೇ ಕೂರುತ್ತೇನೆ.