ರಾಕೆಟ್ಟು ಅದ್ಭುತ, ನಲ್ಲಿ ವಿಜ್ಞಾನ

ಸಂಜೆ ಶಾಲೆಯಲ್ಲಿ ತೂಕಡಿಸುತ್ತ ಕಲಿತ ಶಿಷ್ಯೆಯೊಬ್ಬಳು ವಿದ್ವಾಂಸರ ಸಾಲಿನಲ್ಲಿ ನಿಂತು ಗುರುಗಳ ಬಗ್ಗೆ ಬರೆಯುವುದು ಅಧಿಕಪ್ರಸಂಗವೇ ಸರಿ, ಹಿರಿಯರು ಮನ್ನಿಸಬೇಕು. ಆದರೂ ಪುಣೆಯ ಕನ್ನಡಿಗರಲ್ಲಿ ವಿಜ್ಞಾನ ಕಥೆಯನ್ನೂ ಅದ್ಭುತ ಕಥೆಯನ್ನೂ ಅದರದರ ರುಚಿಯಲ್ಲೇ ಓದುವ ಹುಚ್ಚು ಹತ್ತಿಸಿದವರು ಶ್ರೀ ಬಸವಲಿಂಗ ಹೊಸಮನಿಯವರೆಂದು ಯಾರಾದರೂ ಹೇಳಲೇಬೇಕು.

ಖಡಕಿಯ ಸಂಜೆ ಶಾಲೆಯಲ್ಲಿ, ದುಡಿದು ದಣಿದು ಬಂದವರಿಗೆ ಮೊದಲು ಚಹಾ ಕುಡಿಸಿ ಆಮೇಲೆ ವಿಜ್ಞಾನದ ಪಾಠ ಎತ್ತಿಕೊಳ್ಳುತ್ತಿದ್ದ ಮಾಸ್ತರರಿಗೆ, ಕೋಥರೂಡದ ಕನ್ನಡ ಬಳಗದ ವಾರ್ಷಿಕ ಸಂಚಿಕೆಯ ಸಂಪಾದಕತ್ವವೆಂದರೆ ಪ್ರಾಣ. ಕಥಾಸ್ಪರ್ಧೆಯ ಕಥೆಗಳನ್ನು ಬರೆದವರ ಹೆಸರು ಮುಚ್ಚಿ ಗಟ್ಟಿಯಾಗಿ ಓದುವುದು ಅಲ್ಲಿಯ ಪದ್ಧತಿ. ಒಂದು ವರ್ಷ ಸಮಿತಿಯವರು ಓದುವ ಮೊದಲೇ ಯಂತ್ರವಿದ್ದದ್ದನ್ನು ವಿಜ್ಞಾನ ವಿಭಾಗಕ್ಕೂ ದೆವ್ವವಿದ್ದದ್ದನ್ನು ಅದ್ಭುತ ವಿಭಾಗಕ್ಕೂ ಹಾಕಿಬಿಟ್ಟಿದ್ದರು. ಓದಿ ಮುಗಿಸಿದ ಮಾಸ್ತರರು ಎರಡು ಕಥೆಗಳನ್ನು ಅದಲುಬದಲು ಮಾಡಿದರು.

ಮೊದಲನೆಯದರಲ್ಲಿ ಆಕಾಶದಲ್ಲಿ ಕೆಟ್ಟುನಿಂತ ರಾಕೆಟ್ಟು ತಾಯಿಯ ಹರಕೆಯಿಂದ ಮತ್ತೆ ಹಾರುತ್ತದೆ. ಎರಡನೆಯದರಲ್ಲಿ ಸತ್ತ ಅತ್ತೆಯ ದನಿ ನಲ್ಲಿಯಲ್ಲಿ ಕೇಳುತ್ತದೆ: ಹೊಸ ಲೋಹದ ಕೊಳವೆ ಆಡಿದ ಮಾತನ್ನು ಹಿಡಿದಿಟ್ಟು ಚಳಿ ಬಿದ್ದಾಗ ಹೊರಗೆ ಬಿಡುತ್ತದಂತೆ, ಅದಕ್ಕೇ ಆ ಹೌಸಿಂಗ್ ಸೊಸೈಟಿಯ ಮನೆಗಳವರು ಅಡುಗೆಮನೆಯಲ್ಲಿ ಜಗಳವಾಡುವುದನ್ನೇ ಬಿಡುತ್ತಾರೆ.

ಹೆಸರು ತೆರೆದಾಗ ರಾಕೆಟ್ಟು ಬಳಗದ ಅಧ್ಯಕ್ಷ ಅಪ್ಪಾಸಾಹೇಬರ ಮಗ ಕಿಶೋರನದು.

“ಮಾಸ್ತರ್ರ, ಅದರಾಗ ರಾಕೆಟ್ ಅದರೀ!” ಎಂದರು ಅಪ್ಪಾಸಾಹೇಬರು.

“ನಮ್ಮನಿ ಕ್ಯಾಲೆಂಡರಿನಾಗೂ ಅದ. ಕ್ಯಾಲೆಂಡರ್ ವಿಜ್ಞಾನ ಕತಿ ಆಗ್ತದೇನ್ರಿ?”

“ಅಂದ್ರ ನಮ್ಮ ಹುಡುಗಂದು ಅಜ್ಜಿ ಕತಿ ಅಂತೀರೇನು?”

“ಭಾಳ ಛಲೋ ಅದ್ಭುತ ಕತಿ ಅಂತೀನ್ರಿ. ಅದೇನು ಕೀಳಲ್ಲ. ಅದನ್ನ ‘ಹೆಂಗಾತು’ ಅಂತ ಕೇಳಬಾರದು, ಮಜಾ ಹೋಗ್ತದ. ವಿಜ್ಞಾನ ಕತಿ ಹಂಗಲ್ಲ. ಕೇಳಿದ್ರ ಉತ್ತರ ಕೊಡಬೇಕು, ಕೊಟ್ಟ ಉತ್ತರಕ್ಕ ಕಡೀತನಕ ನಿಲ್ಲಬೇಕು.”

“ಹಂಗಾದ್ರ ಮುಂದಿನ ವರ್ಷ ಬ್ಯಾರೆ ಸಂಪಾದಕರನ್ನ ನೋಡ್ತೀವಿ.”

“ನೋಡ್ರಿ. ಈ ವರ್ಷ ಮಾತ್ರ ಹಿಂಗ ಬರ್ತದ.”

ನಲ್ಲಿಯ ಕಥೆ ಬರೆದ ಶಿವಗಂಗವ್ವ ಹೆದರಿ, “ನನ್ನ ಕತಿ ತಗದುಬಿಡ್ರಿ ಸರ್, ನಿಮಗ್ಯಾಕ ತ್ರಾಸ?” ಎಂದಾಗ ಅವರೆಂದರು: “ಕತಿ ನಿಮ್ದವ್ವಾ, ತ್ರಾಸ ನಂದು. ನಡುವ ಬರಬ್ಯಾಡ್ರಿ.”

ಸಂಚಿಕೆ ಹಾಗೆಯೇ ಬಂತು, ಸಂಪಾದಕತ್ವ ಹೋಯಿತು. ಮರುವರ್ಷ ಬಳಗ ಎರಡೂ ವಿಭಾಗಗಳನ್ನು ಒಂದೇ ಮಾಡಿತು. ಮಾಸ್ತರರು ಅದಕ್ಕೆ ತಕರಾರಿನ ಪತ್ರ ಬರೆದರು. ಈಗಲೂ ಪ್ರತಿವರ್ಷ ಬರೆಯುತ್ತಾರೆ.

ಶಾಲೆಯಿಂದ ಇಂದು ನಿವೃತ್ತರಾಗುತ್ತಿರುವ ಅವರು ಬಹುಕಾಲ ಬಾಳಲಿ. ಬಾಳಿದಷ್ಟು ಕಾಲವೂ ಓದಲಿ, ಓದಿಸಲಿ, ಈ ಹಟ ಬಿಡದಿರಲಿ. ಕೊನೆಯ ಕರಡು ತಿದ್ದಿ ಕೊಟ್ಟು ಬಳಗದ ಮೆಟ್ಟಿಲಿಳಿದ ದಿನ ಅವರಿಗೆ ಎಷ್ಟು ನೋವಾಗಿತ್ತೋ ಗೊತ್ತಿಲ್ಲ. ಕೇಳುವ ಧೈರ್ಯ ಯಾರಿಗೂ ಆಗಿಲ್ಲ.