ಹೊನವಾಡದ ಸದಸ್ಯರನ್ನು ಹೊರಗೆ ಹಾಕಿದ್ದು

ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನಕಾಶೆ ಬಿಡಿಸುತ್ತೇನೆ. ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಸೇರಿಕೊಂಡು ತಿದ್ದಬಹುದಾದ ನಕಾಶೆ ಅದು. ವಿಜಯಪುರ, ತಿಕೋಟಾ, ಬಬಲೇಶ್ವರ ಭಾಗದ ಓಣಿ, ಬಾವಿ, ಹೊಲದ ದಾರಿಗಳನ್ನು ಅದಕ್ಕೆ ಏರಿಸುವವರು ನಾವೊಂದು ಹದಿನೈದು ಜನ. ಸಂಬಳವಿಲ್ಲ, ಬಸ್ಸಿನ ಖರ್ಚೂ ಇಲ್ಲ. ನನ್ನ ಹೆಂಡತಿ ಇದಕ್ಕೆ 'ಬಿಟ್ಟಿ ತಲಾಠಿಕಿ', ಅಂದರೆ ಸಂಬಳವಿಲ್ಲದ ಗ್ರಾಮಲೆಕ್ಕಿಗನ ಕೆಲಸ, ಅಂತ ಹೆಸರಿಟ್ಟಿದ್ದಾಳೆ. ಗದ್ದಲ ಮಾಡುವ ಸದಸ್ಯರ ಖಾತೆ ಮುಚ್ಚುವ ಅಧಿಕಾರ ನನ್ನದು. ಹಳಬ ಅಂತ ಕೊಟ್ಟರು. ಬೇಡ ಅನ್ನಬೇಕಿತ್ತು, ಅನ್ನಲಿಲ್ಲ. ಅಧಿಕಾರ ಅಂದರೆ ನನಗೂ ಬಾಯಲ್ಲಿ ನೀರು ಬರುತ್ತದೆ.

ನಮ್ಮಲ್ಲಿ ಹೊನವಾಡದವರದೊಂದು ಖಾತೆಯಿತ್ತು. ಯಾರೆಂದು ಯಾರೂ ಕಂಡಿರಲಿಲ್ಲ. ಅವರು ಏರಿಸಿದ ಹೊಲದ ದಾರಿಗಳನ್ನು ನೋಡಿದರೆ ಕಣ್ಣಿಗೆ ಒತ್ತಿಕೊಳ್ಳಬೇಕು ಅನ್ನಿಸುತ್ತಿತ್ತು. ಯಾವ ಎರೆ ಹೊಲದಲ್ಲಿ ಮಳೆಗೆ ಕಾಲು ಹೂತುಹೋಗುತ್ತವೆ, ಯಾವ ಬದುವಿನ ಮೇಲೆ ಮುಳ್ಳು ಹಚ್ಚಿದ್ದಾರೆ, ಯಾವ ಬಾವಿಗೆ ಮೆಟ್ಟಿಲಿವೆ, ಎಲ್ಲ ಬರೆದಿರುತ್ತಿತ್ತು. ಆದರೆ ಅದೇ ಖಾತೆ ವಾರಕ್ಕೆ ಎರಡು ಸಲ ಉಳಿದವರು ಹಾಕಿದ ದಾರಿಗಳನ್ನು ಅಳಿಸಿ ಹಾಕುತ್ತಿತ್ತು. ತಿರುಗಿ ಹಾಕಿದರೆ ಬೈಗುಳ. ಇಷ್ಟು ತಾಳ್ಮೆಯವರಿಗೆ ಇಷ್ಟು ಹೊಲಸು ಬಾಯಿ ಹೇಗೆ ಬಂತು ಅಂತ ನನಗೆ ಬಗೆಹರಿಯುತ್ತಿರಲಿಲ್ಲ.

ಈ ಸಲ ಬೈಸಿಕೊಂಡವಳು ನಮ್ಮ ಗುಂಪಿನ ಗಾಂಧಿ ಚೌಕದ ಹೆಣ್ಣುಮಗಳು. ಅವರದು ತಲೆತಲಾಂತರದ ಬಳೆ ಅಂಗಡಿ. ಚೌಕದ ಸುತ್ತಲಿನ ಸಂದಿಗೊಂದಿಗಳನ್ನೆಲ್ಲ ನಡೆದಾಡಿ ನಕಾಶೆಗೆ ತಂದವಳು ಆಕೆ. ಉಪಗ್ರಹದ ಫೋಟೋ ನೋಡಿ ಹೊನವಾಡದ ಒಂದು ದಾರಿಯನ್ನು ತಿರುಗಿ ಹಾಕಿದ್ದಕ್ಕೆ ಆಕೆಗೆ ಬಂದ ಉತ್ತರ: "ಹೊಲದ ದಾರಿ ನಿನಗೇನ ಗೊತ್ತ? ಮನ್ಯಾಗ ಕುಂತ ರೊಟ್ಟಿ ಬಡಿ." ಅದರ ಮುಂದಿನದನ್ನು ನಾನು ಬರೆಯಲಾರೆ.

ಆಕೆ ಫೋನು ಮಾಡಿದಳು. "ಅಣ್ಣಾ, ಅವ್ರನ್ನ ತೆಗೀರಿ. ಇಲ್ಲಂದ್ರ ನಾ ಬಿಡ್ತೀನಿ. ಇಂಥಾ ಮಾತ ಕೇಳ್ಕೊಂತ ಪುಕ್ಕಟೆ ಕೆಲಸ ಯಾಕ ಮಾಡ್ಬೇಕು?"

ಮೂರು ಎಚ್ಚರಿಕೆ ಕೊಟ್ಟು ಖಾತೆ ಮುಚ್ಚಬೇಕು ಅನ್ನುವುದು ಎಲ್ಲ ಕಡೆಯ ನಿಯಮ. ನಾಲ್ಕು ಕೊಟ್ಟಾಗಿತ್ತು. ಆದರೆ ನಮ್ಮ ಗುಂಪಿಗೆ ಇನ್ನೊಂದು ರೂಢಿಯಿದೆ. ಬಬಲೇಶ್ವರದ ನಿವೃತ್ತ ಮಾಸ್ತರರೊಬ್ಬರು ಹಾಕಿಕೊಟ್ಟದ್ದು. ಯಾರನ್ನೇ ಹೊರಗೆ ಹಾಕುವ ಮೊದಲು ನಮ್ಮಲ್ಲೊಬ್ಬರು ಅವರ ಮನೆಗೆ ಹೋಗಿ ಒಂದು ಕಪ್ ಚಹಾ ಕುಡಿದು ಬರಬೇಕು. ಹಿಂದೆ ತಿಕೋಟಾದ ಒಬ್ಬರು ಹೀಗೆಯೇ ಚಹಾದ ಮೇಲೆ ಸರಿಹೋಗಿದ್ದರು. ಹಾಗಾಗಿ ನಾನು ಅಂಗಡಿ ಮುಚ್ಚಿ ಹೊನವಾಡದ ಬಸ್ಸು ಹತ್ತಿದೆ.

ಅಳಿಸಿದ ದಾರಿಗಳೆಲ್ಲ ಒಂದೇ ದ್ರಾಕ್ಷಿ ತೋಟದ ಸುತ್ತ ಇದ್ದುದರಿಂದ ಮನೆ ಹುಡುಕುವುದು ಕಷ್ಟವಾಗಲಿಲ್ಲ. ತೋಟದ ಮನೆಯ ಮುಂದೆ ಹೊರಸಿನ ಮೇಲೆ ಅರವತ್ತು ದಾಟಿದ ಯಜಮಾನರು ಕೂತಿದ್ದರು. ಜಗಳಕ್ಕೆ ತಯಾರಾಗಿ ಹೋದವನಿಗೆ ಅವರು "ಬರ್ರಿ, ನೆಳ್ಳಿಗೆ ಕೂಡ್ರಿ" ಅಂದುಬಿಟ್ಟರು. ಒಳಗಿನ ಸೊಸೆಗೆ ಚಹಾ ಇಡಲು ಹೇಳಿದರು. ನಾನು ವಿಷಯ ತೆಗೆದೆ.

"ಇವತ್ತ ನೀವು ನಕಾಶ್ಯಾಗ ಗೆರಿ ಹೊಡಿತೀರಿ," ಅಂದರು. "ನಾಳೆ ಅದನ್ನ ತೋರಿಸಿ, ಇಲ್ಲಿ ದಾರಿ ಐತಿ ಅಂತ ಮಂದಿ ನನ್ನ ತ್ವಾಟದಾಗ ಟ್ರ್ಯಾಕ್ಟರ್ ಹೊಡಿತಾರ. ಆವಾಗ ಬಿಡಸಾಕ ನೀವ ಬರ್ತೀರೇನು?"

ನಾನು ಮಾತು ಬೇರೆ ಕಡೆ ತಿರುಗಿಸಿದೆ. ಬೈದದ್ದರ ಬಗ್ಗೆ ಕೇಳಿದೆ. ಸಿಟ್ಟಿನ್ಯಾಗ ಬಂದಿರ್ತಾವ ಬಿಡ್ರಿ ಅಂತ ನಕ್ಕರು. ನನಗೆ ಮೈ ಉರಿಯಿತು. ಆದರೂ ಮಾತು ಕೆಡಿಸಬಾರದೆಂದು, ನಿಮ್ಮ ಖಾತೆಯಿಂದ ಏರಿಸಿದ ಹೊಲದ ದಾರಿಗಳು ಬಹಳ ಚೆನ್ನಾಗಿವೆ ಅಂದೆ. "ಎಲ್ಲಾ ನಾನ ಹಾಕೀನಿ," ಅಂತ ಮೀಸೆ ತಿರುವಿದರು. ಅಷ್ಟರಲ್ಲಿ ಕರೆಂಟು ಬಂತು. ಮೋಟಾರು ಚಾಲೂ ಮಾಡಲು ತೋಟದೊಳಗೆ ಓಡಿದರು.

ಸೊಸೆ ಚಹಾ ತಂದಿಟ್ಟು ಬಾಗಿಲ ಹತ್ತಿರ ನಿಂತಳು. ತೋಟದ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು: "ಅಣ್ಣಾರ, ದಾರಿ ಹಾಕಾಕಿ ನಾನರಿ. ಆಡು ಮೇಯಿಸಾಕ ಹೋಗುವಾಗ ಮಾವಾರ ಫೋನ್ ಒಯ್ತೀನಿ. ಅಳಸೂದು, ಬೈಯೂದು ನಮ್ಮ ಮಾವಾರದು."

ನಾನು ಚಹಾದ ಕಪ್ ಕೆಳಗಿಟ್ಟೆ. ಒಂದು ಖಾತೆಗೆ ಒಬ್ಬರೇ ಅನ್ನುವುದು ನಿಯಮ. ಈ ಮನೆಯಲ್ಲಿ ಫೋನು ಒಂದು, ಹೆಸರು ಒಂದು. ಖಾತೆ ಮಾತ್ರ ಎರಡು ಇರಬೇಕು ಅಂತ ಇವರಿಗೆ ಹೊಳೆದೇ ಇಲ್ಲ. ದೊಡ್ಡ ಉಪಾಯ ಹೊಳೆದವನಂತೆ, ನಿನಗೆ ಬೇರೆ ಖಾತೆ ತೆಗೆದುಕೊಡುತ್ತೇನೆ ಅಂದೆ.

"ಬ್ಯಾಡ್ರಿ," ಅಂದಳು. "ನಕಾಶಿ ಮಾಡಾಕತ್ತಾರ ಅಂತ ಊರಾಗ ಮಂದಿ ಅವರಿಗೆ ಶಾಣ್ಯಾ ಅಂತಾರ. ಅದಕ್ಕ ನನ್ನ ಕೈಯಾಗ ಫೋನ್ ಕೊಡ್ತಾರ. ನನ್ನ ಹೆಸರಿಗೆ ಆತಂದ್ರ ಫೋನ್ ಮುಟ್ಟಾಕ ಬಿಡೂದಿಲ್ಲ." ಸ್ವಲ್ಪ ತಡೆದು, "ಮುಚ್ಚಬ್ಯಾಡ್ರಿ. ಇನ್ನ ಹಳ್ಳದ ಆಚಿಕಡೆದು ಹಾಕೂದೈತಿ," ಅಂದಳು. ಮಾವ ಬರುವುದು ಕಂಡು ಒಳಗೆ ಹೋದಳು.

ವಾಪಸು ಬರುವ ಬಸ್ಸಿನಲ್ಲಿ ಲೆಕ್ಕ ಹಾಕುತ್ತ ಕೂತೆ. ಖಾತೆ ಮುಚ್ಚಿದರೆ ಮುದುಕನಿಗೇನೂ ಆಗುವುದಿಲ್ಲ, ಈಕೆಯ ಕೆಲಸ ನಿಲ್ಲುತ್ತದೆ. ಮುಚ್ಚದಿದ್ದರೆ ಗಾಂಧಿ ಚೌಕದವಳು ಹೋಗುತ್ತಾಳೆ, ಅವಳು ಹೋಗುವುದು ನ್ಯಾಯವೂ ಹೌದು. ಕಂಡದ್ದನ್ನು ಗುಂಪಿನಲ್ಲಿ ಬರೆಯೋಣ ಅಂದರೆ ಅದನ್ನು ಆ ಯಜಮಾನರೂ ಓದುತ್ತಾರೆ. ಹೊಲದ ದಾರಿಯ ಮಾತಿನಲ್ಲಂತೂ ಅವರದೇ ಸರಿ ಇರಬಹುದೇನೋ. ತಿಕೋಟಾ ದಾಟುವುದರೊಳಗೆ ಮೂರು ಸಲ ತೀರ್ಮಾನಿಸಿ ಮೂರು ಸಲ ಬದಲಾಯಿಸಿದೆ. ಬಬಲೇಶ್ವರದ ಮಾಸ್ತರರಿಗೆ ಫೋನು ಹಚ್ಚಿ, ಸೊಸೆಯ ವಿಷಯ ಬಿಟ್ಟು, ಬಹಳ ಗೊಂದಲವಾಗಿದೆ ಸರ್ ಅಂದೆ.

"ಚಾ ಕುಡದವ್ರು ನೀವು," ಅಂದರು. "ನಾ ಏನ್ ಹೇಳ್ಲಿ?"

ಮರುದಿನ ಬೆಳಿಗ್ಗೆ ಯಾರದೋ ಆಧಾರ್ ಕಾರ್ಡಿನ ಝೆರಾಕ್ಸ್ ತೆಗೆಯುವ ನಡುವೆ ಖಾತೆ ಮುಚ್ಚಿದೆ. 'ಭೇಟಿಯಾಗಿ ಮಾತಾಡಿದೆ, ಸುಧಾರಿಸುವ ಲಕ್ಷಣವಿಲ್ಲ' ಅಂತ ಬರೆದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಗುಂಪಿನ ಉಳಿದವರೆಲ್ಲ ಒಳ್ಳೆಯದಾಯಿತು ಅಂದರು. ಆ ಮೇಲೆ ಹೊನವಾಡದಿಂದ ಒಂದು ದಾರಿಯೂ ಬಂದಿಲ್ಲ.

ಆ ವಾರವೇ ಗಾಂಧಿ ಚೌಕದವಳು ಅಂಗಡಿಗೆ ಬಂದಳು. ಕುರ್ಚಿ ಕೊಟ್ಟರೂ ಕೂಡಲಿಲ್ಲ.

"ಅಣ್ಣಾ, ಹೆಣ್ಮಕ್ಕಳ ಪರವಾಗಿ ಯಾರರೆ ನಿಂದರ್ತಾರ ಅಂತ ನಾ ಅಂದ್ಕೊಂಡಿದ್ದಿಲ್ಲ," ಅಂದಳು. "ನೀವು ನಿಂತ್ರಿ."

ನಾನು ಮಷೀನಿಗೆ ಹಾಳೆ ತುಂಬುತ್ತ ನಿಂತೆ. ಮುಚ್ಚುವ ಮೊದಲು ಈಕೆಯೊಬ್ಬಳನ್ನೇ ಕರೆದು, ಅಲ್ಲಿ ಬಾಗಿಲ ಹತ್ತಿರ ಇನ್ನೊಬ್ಬಳಿದ್ದಾಳೆ, ಏನು ಮಾಡೋಣ ಹೇಳು ಅಂತ ಕೇಳಬಹುದಿತ್ತು. ಇರಲಿ ಬಿಡ್ರಿ, ನಾನು ತಡಕೊಳ್ಳುತ್ತೇನೆ ಅನ್ನುತ್ತಿದ್ದಳೋ, ಅದೆಲ್ಲ ನನಗೆ ಬೇಡ ಅನ್ನುತ್ತಿದ್ದಳೋ, ಗೊತ್ತಿಲ್ಲ. ನಾನು ಕೇಳಲೇ ಇಲ್ಲ.